ಮಾತಿನ ಚಿಕಿತ್ಸೆ: ಹೋದರೆ ಏನಾಗುತ್ತದೆ, ಖರ್ಚು ಎಷ್ಟು ಬರುತ್ತದೆ?



ಮನೆಯಲ್ಲಿ ಒಬ್ಬರ ಮನಸ್ಸು ಕುಗ್ಗಿದೆಯೆಂಬುದು ಎಷ್ಟೋ ಸಲ ಊರಿಗಿಂತ ಮೊದಲು ಹೊಲದಲ್ಲಿ ಕಾಣುತ್ತದೆ. ಹಾವೇರಿ ಸೀಮೆಯ ನಮ್ಮ ಹೋಬಳಿಯಲ್ಲಿ ಐದು ಎಕರೆಯ ರೈತರೊಬ್ಬರಿದ್ದಾರೆ. ಸಾಲು ಹಿಡಿದು ಬಿತ್ತುವುದರಲ್ಲಿ, ಹೊತ್ತಿಗೆ ಸರಿಯಾಗಿ ಎಡೆ ಹೊಡೆಯುವುದರಲ್ಲಿ ಸುತ್ತಲಿನ ನಾಲ್ಕು ಹಳ್ಳಿಗೆ ಅವರೇ ಮಾದರಿ. ಕಳೆದ ವರ್ಷ ಮುಂಗಾರಿನಲ್ಲಿ ನಾನು ಆ ದಾರಿಯಾಗಿ ಹೋದಾಗ ಅವರ ಗೋವಿನಜೋಳದಲ್ಲಿ ಕಳೆ ಮೊಣಕಾಲೆತ್ತರ ನಿಂತಿತ್ತು. ಮೇಲುಗೊಬ್ಬರಕ್ಕೆಂದು ತಂದ ಯೂರಿಯಾ ಚೀಲವನ್ನು ಬಿಚ್ಚಿಯೇ ಇರಲಿಲ್ಲ. ಪಡಸಾಲೆಯಲ್ಲಿ ಬಿದ್ದು ಹೆಂಟೆಗಟ್ಟಿತ್ತು. ನಾಲ್ಕು ದಿನದ ಮೇಲೆ ಅವರ ಮನೆಯವರು ರೈತ ಸಂಪರ್ಕ ಕೇಂದ್ರಕ್ಕೆ ಬಂದರು. ಬೀಜ, ಗೊಬ್ಬರ ಏನನ್ನೂ ಕೇಳಲಿಲ್ಲ. "ಸಾಹೇಬ್ರ, ಇವರು ರಾತ್ರಿ ಮಲಗಂಗಿಲ್ರಿ. ಹೊಲಕ್ಕ ಹೋಗ್ರಿ ಅಂದ್ರ ಗ್ವಾಡಿ ನೋಡ್ಕೋತ ಕುಂದರ್ತಾರ್ರಿ" ಎಂದರು.

ನಾನು ಸಂಜೆ ಮನೆಗೆ ಹೋಗಿ, ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ, ಒಮ್ಮೆ ಹೋಗಿ ಮಾತಾಡಿಕೊಂಡು ಬರೋಣ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೇ ಉಸಿರಿಗೆ ಮೂರು ಪ್ರಶ್ನೆ ಹಾಕಿದರು: "ನನಗೇನ್ ಹುಚ್ಚ ಹಿಡದೈತೇನ್ರಿ? ಮಾತಾಡಿದ್ರ ಸಾಲ ಹರಿತೈತೇನ್ರಿ? ಮತ್ತ ಅದಕ್ಕ ಎಷ್ಟ್ ರೊಕ್ಕ ತಗೋತಾರ?"

ಮೂರೂ ನ್ಯಾಯವಾದ ಪ್ರಶ್ನೆಗಳು. ರೇಡಿಯೋದಲ್ಲಿ, ಗೋಡೆ ಬರಹದಲ್ಲಿ "ಸಮಾಲೋಚನೆ ಪಡೆಯಿರಿ" ಎಂದು ಹೇಳುವವರು ಇವಕ್ಕೆ ಉತ್ತರ ಕೊಡುವುದಿಲ್ಲ. ಬಿತ್ತನೆಗೆ ಮುಂಚೆ ಖರ್ಚು, ಇಳುವರಿ ಎರಡರ ಅಂದಾಜು ಕೇಳುವ ರೈತ ಇದಕ್ಕೂ ಕೇಳುವುದು ಸಹಜ. ಆದುದರಿಂದ ಈ ವಾರ ಬೆಳೆಯ ವಿಷಯವನ್ನು ಬದಿಗಿಟ್ಟು ಇದನ್ನೇ ಬರೆಯುತ್ತಿದ್ದೇನೆ. ನಾನು ಓದಿದ್ದು ಕೃಷಿ ಬಿ.ಎಸ್ಸಿ., ವೈದ್ಯನಲ್ಲ. ಆದರೆ ಈ ದಾರಿಯಲ್ಲಿ ರೋಗಿಯಾಗಿ ನಾನೂ ನಡೆದಿದ್ದೇನೆ. ಆ ಸಂಗತಿ ಮುಂದೆ ಬರುತ್ತದೆ.

ಅಂಕಿ ಸಂಖ್ಯೆ ಏನು ಹೇಳುತ್ತದೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2025ರಲ್ಲಿ ಹೊರತಂದ 2023ರ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ ಕೃಷಿಯನ್ನು ನಂಬಿದ 10,786 ಮಂದಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಮಹಾರಾಷ್ಟ್ರ ಮೊದಲನೆಯದು, ಎರಡನೆಯದು ನಮ್ಮ ಕರ್ನಾಟಕ. ಈ ಲೆಕ್ಕದಲ್ಲಿ ಪತ್ರಿಕೆಗಳು ಹೆಚ್ಚು ಚರ್ಚಿಸದ ಒಂದು ಅಂಶವಿದೆ. ಅವರಲ್ಲಿ ಸಾಗುವಳಿದಾರರು 4,690, ಕೃಷಿ ಕೂಲಿಕಾರರು 6,096. ಅಂದರೆ ಪಹಣಿಯಲ್ಲಿ ಹೆಸರಿದ್ದವರಿಗಿಂತ ಹೆಸರಿಲ್ಲದವರೇ ಹೆಚ್ಚು. ಸಾಲ ಮನ್ನಾ, ಬೆಳೆ ವಿಮೆ ಎಂದು ನಾವು ಮಾತಾಡುವಾಗ ಈ ಕೂಲಿಕಾರ ಎಲ್ಲಿಯೂ ಬರುವುದಿಲ್ಲ. ಚಿಕಿತ್ಸೆಯ ಖರ್ಚಿನ ಮಾತು ಬಂದಾಗ ಅವನನ್ನು ಮರೆಯುವಂತಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮನೆಮನೆ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತು ಮಂದಿಗಿಂತ ಹೆಚ್ಚು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಕಾಯಿಲೆ ಯಾವುದೆಂಬುದರ ಮೇಲೆ, ನೂರು ರೋಗಿಗಳಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಬೆಳೆಗೆ ರೋಗ ಬಂದಾಗ ನೂರಕ್ಕೆ 80 ರೈತರು ಔಷಧಿ ಹೊಡೆಯದೆ ಬಿಟ್ಟರೆ ನಮ್ಮ ಇಲಾಖೆಯಲ್ಲಿ ತುರ್ತು ಸಭೆ ಕರೆಯುತ್ತಾರೆ.

ಇನ್ನು "ನನಗೇನ್ ಹುಚ್ಚ ಹಿಡದೈತೇನ್ರಿ" ಎಂಬ ಮೊದಲ ಪ್ರಶ್ನೆ. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಹೊತ್ತು ಮನಸ್ಸು ಕುಗ್ಗಿರುವುದು, ಮೊದಲು ಹಿಡಿಸುತ್ತಿದ್ದ ಕೆಲಸ ಬೇಡವೆನಿಸುವುದು, ನಿದ್ದೆ ಊಟ ಕೆಡುವುದು, ಮೈಯಲ್ಲಿ ಕಸುವಿಲ್ಲದಂತಾಗುವುದು, ತಾನು ಕೆಲಸಕ್ಕೆ ಬಾರದವನು ಎಂಬ ಯೋಚನೆ ಹತ್ತುವುದು, ಇವಕ್ಕೆ ವೈದ್ಯರು ಖಿನ್ನತೆ ಎನ್ನುತ್ತಾರೆ. ಊರಲ್ಲಿ ಹುಚ್ಚು ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ತುಂಬುತ್ತಾರಲ್ಲ, ಅದೇ ಜನರನ್ನು ಆಸ್ಪತ್ರೆಯಿಂದ ದೂರ ಇಟ್ಟಿರುವುದು. ಖಿನ್ನತೆ ಬಂದವನಿಗೆ ಬುದ್ಧಿ ನೆಟ್ಟಗೇ ಇರುತ್ತದೆ, ಲೆಕ್ಕ ಪತ್ರ ಎಲ್ಲ ಗೊತ್ತಿರುತ್ತದೆ. ಮೇಲೇಳುವ ಶಕ್ತಿ ಮಾತ್ರ ಇರುವುದಿಲ್ಲ.

ಯಾರ ಹತ್ತಿರ ಹೋಗುವುದು

ಇಲ್ಲಿ ಹೆಸರುಗಳ ಗೊಂದಲ ಬಹಳ. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ ಆ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಗುಳಿಗೆ ಬರೆಯುವವರು ಇವರು. ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು, ಇವರಿಗೆ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆ, ಸಾಲ, ಕುಟುಂಬದ ಜಗಳ ಮುಂತಾದವನ್ನೂ ಸೇರಿಸಿ ನೋಡುತ್ತಾರೆ. ಕೊನೆಯವರು ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್. ಇವರಲ್ಲಿ ಒಳ್ಳೆಯ ತರಬೇತಿ ಪಡೆದವರೂ ಇದ್ದಾರೆ, ಮೂರು ತಿಂಗಳ ಸರ್ಟಿಫಿಕೇಟು ತೂಗುಹಾಕಿದವರೂ ಇದ್ದಾರೆ. ಇವರನ್ನು ಹತೋಟಿಗೆ ತರಲು 2021ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯಿದೆ ಮಾಡಿದೆ. ಆದರೂ ಬೋರ್ಡು ನೋಡಿ ನಂಬದೆ, ಏನು ಓದಿದ್ದೀರಿ, ಎಲ್ಲಿ ನೋಂದಣಿ ಆಗಿದೆ ಎಂದು ಕೇಳುವುದೇ ಸರಿ. ಬೀಜದ ಚೀಟಿ ಓದದೆ ಬೀಜ ಕೊಳ್ಳುತ್ತೇವೆಯೇ?

ಹಳ್ಳಿಯವರಿಗೆ ಹತ್ತಿರದ ದಾರಿ ಎರಡು. ಒಂದು, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮೇಲೆ ಹೇಳಿದ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು ಇರಬೇಕು. 2014ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮನೋಚೈತನ್ಯ ಕಾರ್ಯಕ್ರಮದ ಪ್ರಕಾರ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಾಯಿತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ವಿಚಾರಿಸಿ ಹೋಗುವುದು ಲೇಸು. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದ್ದೇ ಇವೆ.

ಎರಡನೆಯದು ದೂರವಾಣಿ. ಟೆಲಿ ಮಾನಸ್ ಎಂಬ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಕಿಸಾನ್ ಕಾಲ್ ಸೆಂಟರಿಗೆ ಕರೆ ಮಾಡಿ ಅಭ್ಯಾಸವಿದ್ದವರಿಗೆ ಇದು ಹೊಸತೆನಿಸದು. ಮೊದಲು ತರಬೇತಾದ ಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಕಂಡರೆ ತಜ್ಞರಿಗೆ ಕೊಡುತ್ತಾರೆ, ಹತ್ತಿರದ ಆಸ್ಪತ್ರೆಯ ದಾರಿ ಹೇಳುತ್ತಾರೆ. ನಡುರಾತ್ರಿ ನಿದ್ದೆ ಬಾರದೆ ಕುಳಿತವನಿಗೆ ಇದು ದೊಡ್ಡ ಆಸರೆ. ಆದರೆ ಒಂದು ಕರೆಯೇ ಚಿಕಿತ್ಸೆ ಎಂದು ತಿಳಿಯಬಾರದು. ಅದು ಬಾಗಿಲು, ಮನೆ ಒಳಗಿದೆ.

ಮನೆಯಲ್ಲಿ ಯಾರಾದರೂ "ಬದುಕಿ ಏನು ಮಾಡಬೇಕು" ಎಂಬ ಮಾತನ್ನೇ ಆಡುತ್ತಿದ್ದರೆ ಮಂಗಳವಾರದವರೆಗೆ ಕಾಯುವ ಪ್ರಶ್ನೆಯೇ ಇಲ್ಲ. ಅವರನ್ನು ಒಂಟಿಯಾಗಿ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿ ತೋಚದಿದ್ದರೆ 14416 ಅಥವಾ 108ಕ್ಕೆ ಕರೆ ಮಾಡಿ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಲ್ಲಿಡದೆ ಬೀಗ ಹಾಕಿದ ಬೇರೆ ಕಡೆ ಇಡಿ. ಇದನ್ನು ಇಲಾಖೆಯವನಾಗಿ ಎಲ್ಲ ಮನೆಗೂ ಹೇಳುತ್ತೇನೆ. ಪೊಲೀಸ್ ಕೇಸಿನ ಭಯ ಬೇಡ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮಿನ ಪ್ರಕಾರ ಜೀವ ಕಳೆದುಕೊಳ್ಳಲು ಹೋಗಿ ಉಳಿದವರು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಅವರಿಗೆ ಶಿಕ್ಷೆಯಲ್ಲ, ಆರೈಕೆ ಕೊಡಬೇಕು.

ಮೊದಲ ದಿನ ಏನಾಗುತ್ತದೆ

ನಮ್ಮ ರೈತರು ಒಪ್ಪಿದ ಮೇಲೆ ನಾನೇ ಜೊತೆಗೆ ಹೋದೆ. ಸಾಲಿನಲ್ಲಿ ಎರಡು ಗಂಟೆ ಕುಳಿತೆವು. ಮೊದಲು ಮನೋವೈದ್ಯರು ನೋಡಿದರು, ಗುಳಿಗೆ ಬರೆದರು, ಆಮೇಲೆ ಮನಶ್ಶಾಸ್ತ್ರಜ್ಞೆಯ ಕೋಣೆಗೆ ಕಳಿಸಿದರು. ನನ್ನನ್ನು ಹೊರಗೆ ಕೂರಿಸಿದರು. ಅದು ಪದ್ಧತಿ, ಬೇಸರಪಡಬಾರದು.

ಮೊದಲ ದಿನ ಉಪದೇಶ ಸಿಗುವುದೆಂದು ಹೋದರೆ ನಿರಾಸೆಯಾಗುತ್ತದೆ. ಅಂದು ಅವರು ಕೇಳುತ್ತಾರೆ, ನಾವು ಹೇಳುತ್ತೇವೆ. ಎಷ್ಟು ಹೊತ್ತಿಗೆ ಮಲಗುತ್ತೀರಿ, ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಊಟ ಹೇಗೆ, ಕುಡಿತ ಇದೆಯೇ, ಸಾಲ ಎಷ್ಟು, ಮನೆಯಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದೀರಿ, ಹೀಗೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆಗಳ ಒಂದು ಕಾಗದವನ್ನೂ ತುಂಬಿಸಬಹುದು. ಅದು ಮಣ್ಣು ಪರೀಕ್ಷೆಯ ಚೀಟಿಯಿದ್ದಂತೆ, ಆರು ವಾರದ ಮೇಲೆ ಮತ್ತೆ ತುಂಬಿಸಿದಾಗ ಎಷ್ಟು ಸುಧಾರಿಸಿದೆಯೆಂದು ಗೊತ್ತಾಗುತ್ತದೆ. ಜೀವ ಬೇಡವೆನಿಸಿದೆಯೇ ಎಂದು ನೇರವಾಗಿಯೇ ಕೇಳುತ್ತಾರೆ. ಈ ಪ್ರಶ್ನೆಯಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಹಲವರಿಗಿದೆ. ಹಾಗಾಗುವುದಿಲ್ಲ, ಕೇಳಿದಾಗ ಭಾರ ಇಳಿದಂತಾಗುತ್ತದೆಂದೇ ತಿಳಿದವರು ಹೇಳುತ್ತಾರೆ. ಆ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡಬೇಕು.

ಹೇಳಿದ್ದು ಊರಿಗೆ ಗೊತ್ತಾದರೆ ಎಂಬುದು ಎಲ್ಲರ ಅಂಜಿಕೆ. ಮಗಳ ಮದುವೆ ಮಾತು ನಡೆದಿರುತ್ತದೆ, ಸೊಸೈಟಿಯ ಚುನಾವಣೆ ಇರುತ್ತದೆ. ಅದೇ 2017ರ ಕಾಯಿದೆಯ ಪ್ರಕಾರ ರೋಗಿಯ ವಿಷಯವನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. ರೋಗಿಯ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದೆ ಎಂದಾಗ, ನ್ಯಾಯಾಲಯ ಕೇಳಿದಾಗ, ಹೀಗೆ ಕೆಲವೇ ಸಂದರ್ಭಗಳಲ್ಲಿ ಹೇಳಬಹುದು. ಬ್ಯಾಂಕಿನವರಿಗಾಗಲಿ ಬೀಗರಿಗಾಗಲಿ ಹೇಳುವಂತಿಲ್ಲ. ಊರಿಗೆ ಗೊತ್ತಾಗುವುದು ಆಸ್ಪತ್ರೆಯಿಂದಲ್ಲ, ಹೆಚ್ಚಾಗಿ ಬಸ್ ಸ್ಟ್ಯಾಂಡಿನಲ್ಲಿ ಕಂಡವರಿಂದ. ಅದಕ್ಕೆ ಕಾಯಿದೆಯಲ್ಲಿ ಮದ್ದಿಲ್ಲ!

ಮುಂದಿನ ಭೇಟಿಗಳಲ್ಲಿ ಕೆಲಸ ಕೊಡುತ್ತಾರೆ. ನಮ್ಮವರಿಗೆ ಮೊದಲ ವಾರ ಕೊಟ್ಟ ಕೆಲಸ ಕೇಳಿ ನನಗೆ ನಗು ಬಂದಿತ್ತು: ದಿನಾ ಬೆಳಿಗ್ಗೆ ಎದ್ದು ಎತ್ತುಗಳಿಗೆ ನೀರು ಕುಡಿಸಿ, ಹೊಲದ ಬದುವಿನ ತನಕ ನಡೆದು ಬರುವುದು. ಅಷ್ಟೇ. ಕಳೆ ಕೀಳಬೇಕೆಂದೇನೂ ಇಲ್ಲ. ಆಮೇಲೆ ತಿಳಿಯಿತು, ಮನಸ್ಸು ಕುಗ್ಗಿದವನು ಮನಸ್ಸು ಸರಿಹೋದ ಮೇಲೆ ಕೆಲಸ ಮಾಡುತ್ತೇನೆಂದು ಕಾಯುತ್ತಾನೆ. ಕೆಲಸ ಬಿಟ್ಟಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಈ ಸುಳಿಯನ್ನು ಕೆಲಸದ ಕಡೆಯಿಂದ ಬಿಡಿಸುವುದು ಈ ಚಿಕಿತ್ಸೆಯ ಒಂದು ಬಗೆ. ಎರಡನೆಯ ವಾರ ಹತ್ತು ಸಾಲು ಕಳೆ, ಮೂರನೆಯ ವಾರ ಮಾತು ಬಿಟ್ಟಿದ್ದ ತಮ್ಮನ ಮನೆಗೆ ಒಮ್ಮೆ ಹೋಗಿ ಬರುವುದು. ಇನ್ನೊಂದು ಬಗೆಯಲ್ಲಿ, "ನನ್ನಿಂದ ಏನೂ ಆಗದು" ಎಂಬಂತಹ ಯೋಚನೆಯನ್ನು ಹಿಡಿದು ನಿಲ್ಲಿಸಿ ಅದು ಎಷ್ಟು ನಿಜ ಎಂದು ಪರೀಕ್ಷಿಸುವುದನ್ನು ಕಲಿಸುತ್ತಾರೆ.

ಎರಡನೆಯ, ಮೂರನೆಯ ಭೇಟಿಯ ನಂತರ ಕೆಲವರಿಗೆ ಮೊದಲಿಗಿಂತ ಹೆಚ್ಚು ಅಳು, ಸಂಕಟ ಬರುವುದುಂಟು. ಹುಣ್ಣನ್ನು ತೊಳೆಯುವಾಗ ಉರಿಯುತ್ತದೆ. ಇಲ್ಲಿಯೇ ಹಲವರು ಬಿಟ್ಟುಬಿಡುತ್ತಾರೆ. ಆದರೆ ನಾಲ್ಕೈದು ಭೇಟಿ ಕಳೆದರೂ ಏನೂ ವ್ಯತ್ಯಾಸವಿಲ್ಲದಿದ್ದರೆ ಬಾಯಿಬಿಟ್ಟು ಹೇಳಬೇಕು: ಇದು ನನಗೆ ಹತ್ತುತ್ತಿಲ್ಲ, ಬೇರೆ ಏನಾದರೂ ಇದೆಯೇ ಎಂದು. ಬೇರೆಯವರ ಹತ್ತಿರ ಕಳಿಸಿ ಎಂದು ಕೇಳಿದರೂ ತಪ್ಪಲ್ಲ. ಗುಳಿಗೆ ಕೊಟ್ಟಿದ್ದರೆ ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಸ್ವಲ್ಪ ಹಾಯೆನಿಸಿತೆಂದು ನಾವೇ ನಿಲ್ಲಿಸುವುದು, ಒಂದು ಸಿಂಪರಣೆಗೆ ಹುಳ ಸತ್ತಿತೆಂದು ಎರಡನೆಯದನ್ನು ಬಿಟ್ಟಂತೆ.

ಹಣದ ಲೆಕ್ಕ

ಎಷ್ಟು ಭೇಟಿ ಬೇಕು? ಕಾಯಿಲೆ ಒಬ್ಬೊಬ್ಬರಿಗೆ ಒಂದೊಂದು ಥರ. ಸಾಧಾರಣ ಖಿನ್ನತೆ, ಆತಂಕಕ್ಕೆ ವಾರಕ್ಕೊಂದರಂತೆ ಆರೆಂಟು ಭೇಟಿಯಿಂದ ಹನ್ನೆರಡು, ಹದಿನಾರರವರೆಗೆ ಎಂದು ಹಿಡಿಯಬಹುದು. ಒಂದು ಭೇಟಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಖಾಸಗಿಯಲ್ಲಿ ಬೆಂಗಳೂರಿನಲ್ಲಿ ಒಂದು ಭೇಟಿಗೆ ಸಾವಿರದಿಂದ ಎರಡು, ಮೂರು ಸಾವಿರ ರೂಪಾಯಿ ತೆಗೆದುಕೊಳ್ಳುವುದು ಸಾಮಾನ್ಯ. ನಮ್ಮ ಕಡೆಯ ಊರುಗಳಲ್ಲಿ ನಾನು ವಿಚಾರಿಸಿದಂತೆ ಐನೂರರಿಂದ ಸಾವಿರದವರೆಗೆ ಇದೆ. 800 ರೂಪಾಯಿ ಎಂದು ಹಿಡಿದರೆ ಎಂಟು ಭೇಟಿಗೆ 6,400 ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿಯ ಅಲ್ಪ ದುಡ್ಡು ಬಿಟ್ಟರೆ ಖರ್ಚಿಲ್ಲ. ಬಡತನದ ರೇಖೆಗಿಂತ ಕೆಳಗಿದ್ದವರಿಗೆ, ಕಾರ್ಡು ಕೈಯಲ್ಲಿ ಇಲ್ಲದಿದ್ದರೂ, ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ.

ಹಾಗಾದರೆ ಉಚಿತ ಎನ್ನೋಣವೇ? ಇಲ್ಲಿಯೇ ಲೆಕ್ಕ ತಪ್ಪುತ್ತದೆ. ಕೂಲಿಯವನ ಲೆಕ್ಕ ಹಾಕಿ ನೋಡಿ. ಒಂದು ಭೇಟಿಗೆ ಒಂದು ದಿನದ ಕೂಲಿ ಹೋಗುತ್ತದೆ. 2025-26ರಲ್ಲಿ ನಮ್ಮ ರಾಜ್ಯಕ್ಕೆ ಗೊತ್ತುಪಡಿಸಿದ್ದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ದಿನಕ್ಕೆ 2,960. ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವ ಬಸ್ ಚಾರ್ಜು 120 ಎಂದರೂ 960. ಒಟ್ಟು 3,920 ರೂಪಾಯಿ, ಅದೂ ಊಟ, ಚಹಾ ಬಿಟ್ಟು, ಜೊತೆಗೆ ಬಂದವರ ಕೂಲಿ ಬಿಟ್ಟು. ಉಚಿತ ಚಿಕಿತ್ಸೆಯ ಬೆಲೆ ಇದು. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜು ಉಳಿಯುತ್ತದೆ, ಕೂಲಿ ಉಳಿಯುವುದಿಲ್ಲ. ಆದುದರಿಂದ ಮೊದಲ ದಿನವೇ ಕೇಳಿಕೊಳ್ಳಿ: ಪ್ರತಿ ಸಲವೂ ಬರಬೇಕೇ, ನಡುವೆ ಎರಡು ಭೇಟಿ ಫೋನಿನಲ್ಲಿ ಆಗುತ್ತದೆಯೇ, ಸಂತೆಯ ದಿನ ಇಟ್ಟುಕೊಳ್ಳಬಹುದೇ? ಒಪ್ಪುವವರು ಬಹಳ ಮಂದಿ ಇದ್ದಾರೆ, ಕೇಳುವವರು ಕಡಿಮೆ.

ಖಾಸಗಿಗೆ ಹೋಗುವವರು ಇನ್ನೂ ಸ್ವಲ್ಪ ಕೇಳಬೇಕು. ಈ ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತೆ. 2021ರಲ್ಲಿ ಕೋವಿಡ್ ಎರಡನೆಯ ಅಲೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ತೀರಿಕೊಂಡರು. ಅಂದಿನಿಂದ ನನ್ನ ನಿದ್ದೆ ಹೋಯಿತು. ಫೋನು ಹೊಡೆದುಕೊಂಡರೆ ಎದೆ ಹಾರುತ್ತಿತ್ತು. ನಗರವೊಂದರಲ್ಲಿ ಬೋರ್ಡು ನೋಡಿ ಒಬ್ಬರ ಹತ್ತಿರ ಹೋದೆ. ಹತ್ತು ಭೇಟಿಗೆ 8,000 ರೂಪಾಯಿ ಮುಂಗಡ ಎಂದರು, ಕೊಟ್ಟೆ. ಮೂರು ಸಲ ಹೋದೆ. ಇಪ್ಪತ್ತು ನಿಮಿಷ ಅವರೇ ಮಾತಾಡಿದರು, ತಮ್ಮ ಜೀವನದಲ್ಲಿ ತಾವು ಹೇಗೆ ಗೆದ್ದೆವೆಂದು. ನೋಂದಣಿ ಸಂಖ್ಯೆ ಕೇಳಿದಾಗ ಮುಖ ಕೆಂಪಾಯಿತು. ಉಳಿದ ದುಡ್ಡು ಇಂದಿಗೂ ಬಂದಿಲ್ಲ. ರೈತರಿಗೆ ಬಿಲ್ಲಿಲ್ಲದೆ ಬೀಜ ಕೊಳ್ಳಬೇಡಿ ಎಂದು ವರ್ಷಗಟ್ಟಲೆ ಹೇಳಿದವನು ನಾನೇ! ಆಮೇಲೆ ಸರ್ಕಾರಿ ಆಸ್ಪತ್ರೆಯೊಂದರ ಮನಶ್ಶಾಸ್ತ್ರಜ್ಞರ ಬಳಿ ಒಂಬತ್ತು ಭೇಟಿ ಮಾಡಿದೆ. ನಿದ್ದೆ ಮರಳಿ ಬಂತು.

ಆದುದರಿಂದ ಹಣ ಕೊಡುವ ಮುಂಚೆ, ಒಂದು ಭೇಟಿಗೆ ಎಷ್ಟು, ಎಷ್ಟು ನಿಮಿಷ, ಸುಮಾರು ಎಷ್ಟು ಭೇಟಿ, ಹೇಳಿದ ದಿನ ಬರಲಾಗದಿದ್ದರೆ ಫೀಸು ಕೊಡಬೇಕೇ, ಇವನ್ನು ಕೇಳಿ. ಮಳೆ ಬಂದು ಬಿತ್ತನೆಗೆ ನಿಂತ ದಿನ ಯಾರೂ ಭೇಟಿಗೆ ಹೋಗಲಾರರು, ಅದನ್ನು ಮೊದಲೇ ಹೇಳಿಬಿಡಿ. ಒಂದೇ ಸಲ ಹತ್ತು ಭೇಟಿಯ ದುಡ್ಡು ಕೊಡಬೇಡಿ. ಕಡಿಮೆ ಮಾಡಿಕೊಳ್ಳಿ ಎಂದು ಕೇಳಲು ನಾಚಿಕೆ ಬೇಡ. ಆದಾಯ ನೋಡಿ ಫೀಸು ತಗ್ಗಿಸುವವರು ಇದ್ದಾರೆ.

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಮೈಯ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯಿದೆ ಹೇಳಿತು; 2018ರ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೂ ಕಂಪನಿಗಳಿಗೆ ಅದನ್ನೇ ತಿಳಿಸಿತು. ಕಾಗದದ ಮೇಲೆ ಸರಿ. ಆದರೆ ನಮ್ಮ ಬಹುತೇಕ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಮಾತಿನ ಚಿಕಿತ್ಸೆಗೆ ಯಾರೂ ಹಾಸಿಗೆ ಹಿಡಿಯುವುದಿಲ್ಲ, ಸಂಜೆ ಮನೆಗೆ ಬರುತ್ತಾರೆ. ಹೊರರೋಗಿಯ ಖರ್ಚು ಕೊಡುವ ಪಾಲಿಸಿ ಇದ್ದರಷ್ಟೇ ಉಪಯೋಗ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿಯೂ ಮಾನಸಿಕ ಕಾಯಿಲೆಗೆ ಜಾಗವಿರುವುದು ಮುಖ್ಯವಾಗಿ ದಾಖಲಾದವರಿಗೆ. ಯಶಸ್ವಿನಿ ಹೆಚ್ಚಾಗಿ ಶಸ್ತ್ರಚಿಕಿತ್ಸೆಗಳ ಯೋಜನೆ, ಅದನ್ನು ನಂಬಿ ಇದಕ್ಕೆ ಹೋಗಬೇಡಿ. ಕಾಯಿಲೆ ಬಲಿತು ಮಂಚ ಸೇರಿದರೆ ದುಡ್ಡು, ಬಲಿಯುವ ಮುಂಚೆ ಬಂದರೆ ಕೈಯಿಂದ. ಈ ಏರ್ಪಾಡು ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ.

ಕೊರತೆ ಎಲ್ಲಿದೆ

ಮಾನಸಿಕ ಆರೋಗ್ಯವನ್ನು ಹಳ್ಳಿಗೆ ತರುವ ಕೆಲಸದಲ್ಲಿ ನಮ್ಮ ರಾಜ್ಯವೇ ದೇಶಕ್ಕೆ ದಾರಿ ತೋರಿಸಿತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಆದರೆ ಹಳ್ಳಿಗೆ ಬಂದದ್ದು ಹೆಚ್ಚಾಗಿ ಗುಳಿಗೆ. ಒಬ್ಬ ಮನೋವೈದ್ಯರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅರವತ್ತು, ಎಪ್ಪತ್ತು ಜನರನ್ನು ನೋಡಬೇಕಾದರೆ ಒಬ್ಬರಿಗೆ ಸಿಗುವುದು ನಾಲ್ಕೈದು ನಿಮಿಷ. ಅದರಲ್ಲಿ ಮಾತು ಎಲ್ಲಿ ಬರಬೇಕು? ಜಿಲ್ಲೆಗೆ ಒಬ್ಬ ಮನಶ್ಶಾಸ್ತ್ರಜ್ಞರು, ಆ ಹುದ್ದೆಯೂ ಖಾಲಿ ಇದ್ದರೆ ಭೇಟಿ ತಿಂಗಳಿಗೊಮ್ಮೆ. ವಾರಕ್ಕೊಮ್ಮೆ ನೀರು ಬೇಕಾದ ಬೆಳೆಗೆ ತಿಂಗಳಿಗೊಮ್ಮೆ ಹಾಯಿಸಿದರೆ ನೀರೂ ಹೋಯಿತು, ಬೆಳೆಯೂ ಹೋಯಿತು.

ಇದಕ್ಕೆ ದಾರಿ ಇಲ್ಲವೆಂದಲ್ಲ. ಪಕ್ಕದ ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆಯವರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಮನಶ್ಶಾಸ್ತ್ರ ಓದಿರದ ಸ್ಥಳೀಯರನ್ನೇ ಆರಿಸಿ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರೊಡನೆ ಆರರಿಂದ ಎಂಟು ಭೇಟಿ ಮಾಡಿಸಿದರು. ಎತ್ತಿಗೆ ನೀರು ಕುಡಿಸಿ ಬಾ ಎಂದ ಬಗೆಯದೇ ಚಿಕಿತ್ಸೆ. ಮೂರು ತಿಂಗಳ ಮೇಲೆ ನೋಡಿದಾಗ ಈ ಮಾತಿನ ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ 64 ಮಂದಿ ಚೇತರಿಸಿಕೊಂಡಿದ್ದರು. ಅದು ಸಿಗದೆ ಎಂದಿನ ಆರೈಕೆಯಷ್ಟೇ ಸಿಕ್ಕವರಲ್ಲಿ ನೂರಕ್ಕೆ 39. ಇದು 2017ರ ಲಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಿದರ್ಭದ ಅಮರಾವತಿ ಜಿಲ್ಲೆಯಲ್ಲಿ, ಹತ್ತಿ ಬೆಳೆಯುವ ಸೀಮೆಯಲ್ಲಿ, 30 ಹಳ್ಳಿಗಳಲ್ಲಿ ಹೀಗೆಯೇ ಊರಿನ ಆರೋಗ್ಯ ಕಾರ್ಯಕರ್ತರಿಂದ ಕೆಲಸ ಮಾಡಿಸಿದಾಗ, ಖಿನ್ನತೆ ಇದ್ದವರಲ್ಲಿ ಸಹಾಯ ಕೇಳಿ ಬಂದವರ ಪ್ರಮಾಣ ನೂರಕ್ಕೆ 4ರಿಂದ 27ಕ್ಕೆ ಏರಿತು. ನಮ್ಮ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಕೂರುತ್ತಾರೆ, ಮಾನಸಿಕ ಆರೋಗ್ಯವೂ ಅವರ ಕೆಲಸದ ಪಟ್ಟಿಯಲ್ಲಿದೆ. ಅವರಿಗೆ ಈ ಆರೆಂಟು ಭೇಟಿಯ ತರಬೇತಿ, ಅದಕ್ಕೆ ಬೇಕಾದ ಹೊತ್ತು ಕೊಟ್ಟರೆ ಕೂಲಿಯವನ 3,920 ರೂಪಾಯಿ ಉಳಿಯುತ್ತದೆ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಒಂದು ಬೇಡಿಕೆಯಾಗಿ ಬರೆಸಲು ಅಡ್ಡಿಯೇನಿದೆ?

ಉಳಿದದ್ದು ನಡುವಿನ ಪ್ರಶ್ನೆ, ಮಾತಾಡಿದರೆ ಸಾಲ ಹರಿಯುತ್ತದೆಯೇ ಎಂಬುದು. ಇಲ್ಲ. ಹರಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಕೊಳವೆ ಬಾವಿ ಬತ್ತಿ, ಕೈಗಡ ಏರಿ ಕುಳಿತವನಿಗೆ ಬರೀ ಸಮಾಧಾನದ ಮಾತು ಹೇಳಿ ಕಳಿಸುವುದು ಅರ್ಧ ಕೆಲಸ. ವಾರದ ಕಂತಿಗೆ ಮನೆ ಮುಂದೆ ಬಂದು ಕೂರುವ ಮೈಕ್ರೋ ಫೈನಾನ್ಸ್‌ನವರ ಕಾಟದಿಂದ ನಿದ್ದೆ ಹೋದ ಹೆಣ್ಣುಮಗಳಿಗೆ, 2025ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಬಲವಂತದ ವಸೂಲಿ ತಡೆ ಕಾಯಿದೆಯ ಬಲದಿಂದ ಪೊಲೀಸರಿಗೆ ದೂರು ಕೊಡಿಸುವುದೂ ಚಿಕಿತ್ಸೆಯ ಭಾಗವೇ. ಆ ಕಾಯಿದೆಯಲ್ಲಿ 10 ವರ್ಷದವರೆಗೆ ಶಿಕ್ಷೆ ಇದೆ. ಮನಶ್ಶಾಸ್ತ್ರಜ್ಞರಿಗೆ ಸೊಸೈಟಿಯ ಕಾರ್ಯದರ್ಶಿ ಯಾರೆಂದು ಗೊತ್ತಿರುವುದಿಲ್ಲ, ನಮ್ಮ ಇಲಾಖೆಯವರಿಗೆ ಮನಶ್ಶಾಸ್ತ್ರಜ್ಞರ ಕೋಣೆ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ನಾನೂ ಮೊನ್ನೆ ಮೊನ್ನೆಯವರೆಗೆ ಅಂಥವನೇ.

ನಮ್ಮ ರೈತರು ಒಟ್ಟು ಏಳು ಭೇಟಿ ಮಾಡಿದರು; ಎರಡನ್ನು ಫೋನಿನಲ್ಲಿ ಮುಗಿಸಿಕೊಟ್ಟರು. ಐದನೆಯ ಸಲ ಮನಶ್ಶಾಸ್ತ್ರಜ್ಞೆ ಒಂದು ಕಾಗದದ ಮೇಲೆ ಸಾಲವನ್ನೆಲ್ಲ ಬರೆಸಿದ್ದರಂತೆ: ಬ್ಯಾಂಕಿನದೆಷ್ಟು, ಸೊಸೈಟಿಯದೆಷ್ಟು, ಅಂಗಡಿಯ ಉದ್ರಿ ಎಷ್ಟು, ಬೀಗರದೆಷ್ಟು. ಅದುವರೆಗೆ ಅವರು ಅದನ್ನು ಒಟ್ಟು ಕೂಡಿಸಿಯೇ ಇರಲಿಲ್ಲ. ಆ ಕಾಗದ ಹಿಡಿದು ನಾವಿಬ್ಬರೂ ಸೊಸೈಟಿಗೆ ಹೋದೆವು, ಬ್ಯಾಂಕಿಗೂ ಹೋದೆವು. ಗುಳಿಗೆ ಇನ್ನೂ ನಡೆದಿದೆ. ಮೊನ್ನೆ ಕೇಂದ್ರಕ್ಕೆ ಕಡಲೆ ಬೀಜಕ್ಕೆ ಬಂದಿದ್ದರು. ನಾನು ಕೇಳುವ ಮುಂಚೆಯೇ, "ಸಾಲ ಏನ್ ಹರೀಲಿಲ್ರಿ ಸಾಹೇಬ್ರ. ಆದ್ರ ಯಾರದು ಮೊದಲ, ಯಾರದು ಆಮ್ಯಾಲ ಅಂತ ಗೊತ್ತಾತ್ರಿ" ಎಂದು ಹೇಳಿ, ಬೀಜಕ್ಕೆ ಹಚ್ಚಲು ಟ್ರೈಕೋಡರ್ಮಾ ಪುಡಿ ಬಂದಿದೆಯೇ ಎಂದು ವಿಚಾರಿಸಿದರು. ಬಂದಿದೆ, ಕಿಲೋ ಬೀಜಕ್ಕೆ ಎಷ್ಟು, ಹೇಗೆ ಹಚ್ಚಬೇಕು ಎಂಬುದು ಮುಂದಿನ ವಾರದ ಪುಟದಲ್ಲಿ.